ತೊಳೆದ ನೀರು

ಫೋನು ಬಂದಾಗ ನಾಗಮಂಗಲದ ಶ್ರೀನಿವಾಸಾಚಾರಿ ಒಂದು ಮೂಗುತಿಯ ತಿರುಪು ಸರಿ ಮಾಡುತ್ತ ಕೂತಿದ್ದ. ಈಗ ಅವನಿಗೆ ಬರುವ ಕೆಲಸವೇ ಅಂಥದ್ದು. ಹೊಸ ಒಡವೆ ಬೇಕಾದವರು ಮೈಸೂರಿನ ಗಾಜಿನ ಅಂಗಡಿಗಳಿಗೆ ಹೋಗುತ್ತಾರೆ. ಅಲ್ಲಿ ಕೊಂಡದ್ದರ ಕೊಂಡಿ ಆರು ತಿಂಗಳಿಗೆ ಕಿತ್ತುಕೊಂಡಾಗ ಮಾತ್ರ ಊರಿನಲ್ಲೊಬ್ಬ ಆಚಾರಿ ಇದ್ದಾನೆ ಎಂಬುದು ನೆನಪಾಗುತ್ತದೆ. ಬಂದವರು ಕೊಂಡಿ ಹಾಕಿಸಿಕೊಂಡು, ಗಾಜಿನ ಅಂಗಡಿಯನ್ನೇ ಹೊಗಳಿ ಹೋಗುತ್ತಾರೆ.

"ಶ್ರೀನಿವಾಸಾಚಾರ್ರಾ? ನಾನು ಕೆಂಪಣ್ಣ ಅಂತ, ಬಾಬುರಾಯನಕೊಪ್ಪಲು ಲ್ಯಾಬಿಂದ. ನಮ್ ಮೇಡಮ್ಮೋರು ಕೇಳ್ತಾವ್ರೆ, ಆ ನಾಕು ಚೂರು ಚಿನ್ನ ಎಲ್ಲೋಯ್ತು ಅಂತ."

"ಯಾವ ಚಿನ್ನ?"

"ಅದೇ, ಹೋದ್ ಭಾನುವಾರ ತಂತಿ ಕೂರ್ಸಿ ಕೊಟ್ರಲ್ಲ, ಆ ಕರೀ ಬಿಲ್ಲೆ. ಅದ್ರ ಮ್ಯಾಲೆ ಚಿನ್ನದ ಆರು ಚೌಕ ಇದ್ವು. ಈಗ ನೀವು ತಂತಿ ಕೂರ್ಸಿರೋ ಎರಡೇ ಅವೆ. ಮಿಕ್ಕಿದ್ನ ಆಚಾರಿ ಕೆರ್ಕೊಂಡ್ಬುಟ್ಟವ್ನೆ ಅಂತ ಇಲ್ಲಿ ಎಲ್ಲಾ ಮಾತಾಡ್ಕತಾವ್ರೆ. ಒಂದ್ಸಲ ಬಂದು ಹೇಳೋಗಿ. ಪೊಟ್ಟಣದ ಮ್ಯಾಲೆ ನಿಮ್ ಮೊಹರು ಇತ್ತು, ನಂಬ್ರ ಇತ್ತು, ಅದ್ಕೇ ಮಾಡ್ದೆ."

ಆಚಾರಿಗೆ ಮೊದಲು ಬಂದದ್ದು ಕೋಪವಲ್ಲ, ಬೆವರು. ಮೂಗುತಿ ಕೈಯಿಂದ ಜಾರಿ ಮಡಿಲಿಗೆ ಬಿತ್ತು. "ನಾಳೀಕೆ ಬತ್ತೀನಿ" ಎಂದಷ್ಟೇ ಹೇಳಿ ಫೋನು ಇಟ್ಟ. ಆಮೇಲೆ ಮಗಳಿಗೆ ಫೋನು ಮಾಡಿದ. ಯಶಸ್ವಿನಿ ಅದೇ ಲ್ಯಾಬಿನಲ್ಲಿ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿರುವವಳು. ಆ ಕರಿ ಬಿಲ್ಲೆಯನ್ನು ಅಪ್ಪನ ಕೈಗೆ ತಂದುಕೊಟ್ಟವಳೂ ಅವಳೇ. ನಮ್ಮಪ್ಪ ಅಂಥವನಲ್ಲ ಎಂದು ಒಂದು ಮಾತು ಅಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಫೋನು ಪೂರ್ತಿ ಬಡಿದುಕೊಂಡು ಸುಮ್ಮನಾಯಿತು. ಎರಡನೆಯ ಸಲವೂ ಅಷ್ಟೇ ಆಯಿತು. ಪಾಪ, ಏನೋ ಕೆಲಸದಲ್ಲಿರಬೇಕು ಎಂದುಕೊಂಡ.

ಅಕ್ಕಸಾಲಿಗಳ ಮನೆಯಲ್ಲಿ ಹುಟ್ಟಿದವನಿಗೆ ಈ ಕಳ್ಳತನದ ಮಾತು ಹೊಸದಲ್ಲ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ನಗುನಗುತ್ತ ಆಡುತ್ತಾರೆ, ಬಸ್ಸಿನಲ್ಲಿ ಪರಿಚಯವಾದ ಹತ್ತು ನಿಮಿಷಕ್ಕೆ ಆಡುತ್ತಾರೆ, ಇವನೂ ನಕ್ಕು ಸುಮ್ಮನಾಗಬೇಕು. ಆದರೆ ಅವನ ಅಪ್ಪನಿಗೆ ಅದು ನಗುವ ಮಾತಾಗಿ ಬರಲಿಲ್ಲ. ಕಿಕ್ಕೇರಿಯ ಕಡೆಯ ಒಬ್ಬ ಗೌಡರ ಮನೆಗೆ ಕೊರಳ ಅಡ್ಡಿಕೆ ಮಾಡಿಕೊಟ್ಟಾಗ ತೂಕ ಕಮ್ಮಿ ಬಂತೆಂದು ಆ ಮನೆಯ ಹೆಂಗಸರು ಅವನನ್ನು ಜಗಲಿಯ ಮೇಲೆ ನಿಲ್ಲಿಸಿ ಪಂಚೆ ಕೊಡವಿಸಿದ್ದರು. ಅರ ಹಾಕಿದ ಪುಡಿ, ಒಡವೆಯ ಸಂದಿಯಲ್ಲಿ ಕೂತ ಧೂಳು, ಇವೇ ಆ ಕಮ್ಮಿಯಾದ ತೂಕ ಎಂದು ಹೇಳಿದರೆ ಕೇಳುವವರಾರು! ಆವತ್ತಿನಿಂದ ಅಪ್ಪ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ. ಏನೇ ಕೆಲಸ ಮಾಡಲಿ, ಮುಗಿದ ಮೇಲೆ ಒಡವೆಯನ್ನು ಅಂಟುವಾಳದ ಬೆಚ್ಚನೆಯ ನೀರಿನಲ್ಲಿ ಅದ್ದಿ ತೊಳೆಯಬೇಕು. ತೊಳೆದ ನೀರನ್ನು ಚೆಲ್ಲಬಾರದು. ಒಬ್ಬೊಬ್ಬರ ಒಡವೆಗೆ ಒಂದೊಂದು ಬಟ್ಟಲು. ಒಡವೆ ಒಯ್ದವರು ಎಂಟು ದಿನದೊಳಗೆ ಬಂದು ತಕರಾರು ತೆಗೆದರೆ, ತಗೊಳ್ಳಿ ನಿಮ್ಮ ಚಿನ್ನದ ಪುಡಿ ಎಂದು ಬಟ್ಟಲನ್ನೇ ಮುಂದಿಡಬೇಕು.

ಶ್ರೀನಿವಾಸಾಚಾರಿ ನಲವತ್ತು ವರ್ಷ ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಬೆಳ್ಳಿಯ ಕಾಲುಂಗುರವನ್ನೂ ತೊಳೆಯುತ್ತಿದ್ದ. ಹೆಂಡತಿ ಮೂಗಮ್ಮ ಸೌಟಿನ ಹಿಡಿ ಬೆಸೆದುಕೊಡು ಎಂದರೆ ಅದನ್ನೂ ತೊಳೆದೇ ಕೊಡುತ್ತಿದ್ದ. ಅವಳು ಬೈಯುತ್ತಿದ್ದಳು, "ಸೌಟು ತೊಳ್ಯಾಕೆ ನಾನಿಲ್ವಾ? ನಿನ್ ಬಟ್ಲುಗಳ್ನ ದಾಟ್ಕೊಂಡು ಓಡಾಡಾಕೇ ಆಗಲ್ಲ ಈ ಮನೇಲಿ."

ಆ ಭಾನುವಾರ ಯಶಸ್ವಿನಿ ಬಂದಾಗ ಬೆಳಗಿನ ಹತ್ತು ಗಂಟೆ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗಿಂದ ಇನ್ನೊಂದು ಡಬ್ಬಿ, ಅದರೊಳಗಿಂದ ಕಿರುಬೆರಳಿನ ಉಗುರಿನಷ್ಟು ದೊಡ್ಡ ಚೌಕದ ಬಿಲ್ಲೆ ತೆಗೆದಳು. ಹರಳಿನ ತೆಳುವಾದ ಚಕ್ಕೆ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಪೊರೆ, ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಚಿನ್ನದ ಚೌಕಗಳು.

"ಈ ಪೊರೆ ಐತಲ್ಲಪ್ಪ, ಇದು ವಿಪರೀತ ತಣ್ಣಗಿದ್ದಾಗ ಕರೆಂಟನ್ನ ಒಂಚೂರೂ ತಡೀದೆ ಬುಟ್ಬುಡುತ್ತೆ. ಆವಾಗ ಇದ್ರ ಮ್ಯಾಲೆ ಬೆಳಕೋ, ಕಣ್ಣಿಗೆ ಕಾಣದ ವಿಕಿರಣವೋ ಬಿತ್ತು ಅನ್ಕೋ, ಬಿದ್ದ ಜಾಗ ಬೆಚ್ಚಿಬೀಳುತ್ತೆ. ಕರೆಂಟಿಗೆ ತಡೆ ಬರುತ್ತೆ. ಮತ್ತೆ ಸುಮ್ಕಾಗುತ್ತೆ. ಒಂದ್ ಸೆಕೆಂಡನ್ನ ಲಕ್ಷ ಕೋಟಿ ಪಾಲು ಮಾಡುದ್ರೆ, ಅದ್ರಲ್ಲಿ ಹತ್ತೋ ಹದಿನೈದೋ ಪಾಲಿನೊಳಗೆ ಎಲ್ಲಾ ಮುಗ್ದೋಯ್ತದೆ."

"ಅಷ್ಟು ಬಿರೀನೆ ಆಗೋದ್ನ ನೋಡೋರ್ಯಾರವ್ವ?"

"ಅದ್ನ ನೋಡಾಕೇ ಇದು ಇರೋದು. ಬೇರೆ ಯಾವ್ದುಕ್ಕೂ ಅಷ್ಟು ಬಿರೀನೆ ಕಣ್ಣು ತೆರೆದು ಮುಚ್ಚಾಕೆ ಬರಲ್ಲ."

"ಎಷ್ಟು ತಣ್ಣಗಿರ್ಬೇಕು?" ಎಂದು ಬಾಗಿಲಲ್ಲಿ ನಿಂತ ಮೂಗಮ್ಮ ಕೇಳಿದಳು.

"ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ಇದ್ರಂಥ ಬೇರೆ ವಸ್ತುಗಳ್ಗೆ ಇನ್ನೂ ತಣ್ಣಗೆ ಬೇಕು. ಅದ್ಕೇ ಇದ್ನ ಹೆಚ್ಚು ಉಷ್ಣತೆಯ ಅತಿವಾಹಕ ಅಂತ ಕರೀತಾರೆ."

"ಇದು ಉಷ್ಣವಾ! ನಿಮ್ ಓದುಗೀದೆಲ್ಲಾ ಇಷ್ಟೇ ಬುಡು" ಎಂದು ಮೂಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಯಶಸ್ವಿನಿ ಮೂರು ವರ್ಷದಲ್ಲಿ ಅಂಥ ನಲವತ್ತು ಪೊರೆ ಮಾಡಿದ್ದಳು. ಅಷ್ಟು ವೇಗವಾಗಿ ಉತ್ತರ ಕೊಟ್ಟದ್ದು ಮೂವತ್ತೇಳನೆಯದು ಒಂದೇ. ಮುಂದಿನ ತಿಂಗಳು ಹೊರದೇಶದ ಒಂದು ದೊಡ್ಡ ಯಂತ್ರದಲ್ಲಿ ಅದನ್ನಿಟ್ಟು ಪರೀಕ್ಷಿಸಲು ಎರಡು ದಿನದ ಅವಕಾಶ ಸಿಕ್ಕಿತ್ತು. ಅದಾದರೆ ಅವಳ ಪಿಎಚ್‌ಡಿ ಮುಗಿದಂತೆ. ಅಷ್ಟರಲ್ಲಿ ಪೊರೆಗೆ ಕೂರಿಸಿದ್ದ ಎರಡು ಚಿನ್ನದ ತಂತಿ ಕಿತ್ತುಬಂದವು. ತಂತಿ ಕೂರಿಸುವ ಯಂತ್ರವೂ ಕೆಟ್ಟು, ಬಿಡಿಭಾಗ ಬರುವುದು ತಡವಾಗಿತ್ತು. ನನಗೆ ಗೊತ್ತಿರುವ ಒಬ್ಬ ಆಚಾರ್ರು ನಾಗಮಂಗಲದಲ್ಲಿದ್ದಾರೆ, ಕೂದಲಿಗಿಂತ ತೆಳ್ಳಗೆ ತಂತಿ ಎಳೆಯುತ್ತಾರೆ ಎಂದು ಅವಳು ಮೇಡಂ ಹತ್ತಿರ ಹೇಳಿ ಒಪ್ಪಿಸಿ ತಂದಿದ್ದಳು.

"ಹುಷಾರು ಅಪ್ಪಾ. ಹೋದ್ವರ್ಷ ಒಬ್ಬ ಹುಡುಗ ಬೇಜವಾಬ್ದಾರಿಯಿಂದ ಒಂದ್ ಪೊರೆ ಕೆಡುಸ್ದ ಅಂತ ಮೇಡಂ ಅವ್ನ ಮನೀಗೇ ಕಳ್ಸುಬುಟ್ರು. ಬೆಂಕಿ ಹತ್ರ ತರ್ಬ್ಯಾಡ. ಊದುಗೊಳವೆ ಮುಟ್ಲೇಬ್ಯಾಡ. ಬೆಸುಗೆ ಇಲ್ಲ. ಈ ಇಂಡಿಯಂ ಅನ್ನೋ ಲೋಹ ಬೆಣ್ಣೆ ಥರ ಮೆತ್ತಗಿರ್ತದೆ, ಇದ್ನ ಚಿನ್ನದ ಚೌಕದ ಮ್ಯಾಲಿಟ್ಟು, ಅದ್ರೊಳೀಕೆ ತಂತಿ ಒತ್ತಿ ಕೂರ್ಸ್ಬೇಕು. ಕಪ್ಪು ಜಾಗಕ್ಕೆ ಗೀರು ಬೀಳ್ಬಾರ್ದು. ಎಂಜಲು ಸಿಡೀಬಾರ್ದು, ಮೂಗಿಗೆ ಬಟ್ಟೆ ಕಟ್ಕೊ."

ಎಲ್ಲವನ್ನೂ ಹೇಳಿದಳು. ನೀರಿನ ಮಾತು ಮಾತ್ರ ಅವಳ ಬಾಯಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಕಾಲಿಗೆ ತೊಡರುತ್ತಿದ್ದ ಆ ಬಟ್ಟಲುಗಳು ಅವಳ ಕಣ್ಣಿಗೆ ಬೀಳುವುದನ್ನು ಯಾವತ್ತೋ ಬಿಟ್ಟಿದ್ದವು.

"ಎದುರ್ಗೆ ಕೂತ್ಕೊ" ಎಂದ ಆಚಾರಿ.

"ಯಾಕಪ್ಪಾ?"

"ಕೂತ್ಕೊ ಮಗ. ವಸ್ತು ತಂದೋರು ಎದುರ್ಗೆ ಕೂರ್ಬೇಕು. ಕೆಲ್ಸ ಮುಗ್ದು ಕೈಗೆ ಕೊಡೋಗಂಟ ಏಳ್ಬಾರ್ದು. ನಮ್ಗೂ ಒಳ್ಳೇದು, ಅವ್ರ್ಗೂ ಒಳ್ಳೇದು."

ಅದು ನಿಜ. ನಲವತ್ತು ವರ್ಷದಲ್ಲಿ ಅವನ ಎದುರಿಗೆ ಕೂರದೆ ಯಾರೂ ಚಿನ್ನ ಕೊಟ್ಟಿರಲಿಲ್ಲ. ಕೂತವರು ಊರ ಸುದ್ದಿ ಮಾತಾಡುತ್ತಿದ್ದರು, ಎಲೆ ಅಡಿಕೆ ಹಾಕುತ್ತಿದ್ದರು, ಆದರೆ ಕಣ್ಣು ಮಾತ್ರ ಅವನ ಬೆರಳುಗಳ ಮೇಲೇ. ಅಂಥ ಕಣ್ಣುಗಳ ಎದುರಿನಲ್ಲೇ ಅವನ ಆಯಸ್ಸು ಸವೆದಿತ್ತು.

ಯಶಸ್ವಿನಿ ಕೂತಳು. ಆಚಾರಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಮೊದಲು ತಂತಿ ಎಳೆದ. ಅಚ್ಚಿನ ತೂತಿನಿಂದ ತೂತಿಗೆ ಸಣ್ಣದಾಗುತ್ತ ಕೊನೆಗೆ ಬೆಳಕಿಗೆ ಹಿಡಿದರಷ್ಟೇ ಕಾಣುವಂತಾಯಿತು. ಚಿಮಟದ ತುದಿಯಲ್ಲಿ ಎಳ್ಳಿನ ಕಾಲುಭಾಗದಷ್ಟು ಇಂಡಿಯಂ ಎತ್ತಿ ಚೌಕದ ಮೇಲಿಟ್ಟ. ತಂತಿಯ ತುದಿಯನ್ನು ಅದರೊಳಗೆ ಒತ್ತಿದ. ಬೆಂಕಿಯಿಲ್ಲದೆ, ಬೆಸುಗೆಯ ಬೆಳಿಗಾರವಿಲ್ಲದೆ, ಬರೀ ಬೆರಳಿನ ಅಂದಾಜಿನಲ್ಲಿ. ಜಾಸ್ತಿಯಾದರೆ ಚೌಕ ಹರಿಯುತ್ತದೆ, ಕಮ್ಮಿಯಾದರೆ ತಂತಿ ನಿಲ್ಲುವುದಿಲ್ಲ. ಎರಡು ಗಂಟೆಯ ಹೊತ್ತು ಅವನು ಉಸಿರಾಡಿದ್ದೇ ಕಮ್ಮಿ. ಅರವತ್ತೆರಡು ವರ್ಷದ ಕೈಗೆ ಅಂಥ ಕೆಲಸ ಸಿಕ್ಕಿ ಎಷ್ಟೋ ಕಾಲವಾಗಿತ್ತು.

ಎರಡನೆಯ ತಂತಿ ಕೂತಾಗ ಒಳಗಿನಿಂದ ಮೂಗಮ್ಮ ಕೂಗಿದಳು, "ಮುದ್ದೆ ಆರೋಯ್ತದೆ, ಬಾರವ್ವ."

"ಆಯ್ತಲ್ಲಪ್ಪ ಕೆಲ್ಸ. ನೀನೇ ಪೊಟ್ಟಣ ಕಟ್ಟಿಡು, ನಾನು ಉಂಡ್ಬತ್ತೀನಿ" ಎಂದು ಯಶಸ್ವಿನಿ ಎದ್ದು ಒಳಗೆ ಹೋದಳು.

ಆಚಾರಿ ಅವಳು ಎದ್ದುಹೋದ ಚಾಪೆಯನ್ನೇ ಸ್ವಲ್ಪ ಹೊತ್ತು ನೋಡಿದ. ಚಿನ್ನವನ್ನು ಅವನ ಕೈಯಲ್ಲಿ ಬಿಟ್ಟು, ಕೊಡುವ ಮೊದಲೇ ಎದ್ದುಹೋದವರು ಇವಳೇ ಮೊದಲು. ಕಣ್ಣು ತುಂಬಿಕೊಂಡಿತು. ಮಗಳಲ್ಲವೇ, ಏಳದೆ ಏನು ಎಂದು ತನಗೆ ತಾನೇ ಬೈದುಕೊಂಡರೂ ಸುಖವಾಗಿದ್ದದ್ದು ಸುಖವಾಗಿಯೇ ಇತ್ತು. ಅದೇ ಸುಖದಲ್ಲಿ ಎದ್ದು, ಬಟ್ಟಲಿಗೆ ಅಂಟುವಾಳದ ಬೆಚ್ಚನೆಯ ನೀರು ಬಗ್ಗಿಸಿ, ಬಿಲ್ಲೆಯನ್ನು ಅದ್ದಿ ತೊಳೆದ. ಇದು ದೊಡ್ಡವರ ವಸ್ತು, ನಾಳೆ ಯಾರೂ ಒಂದು ಮಾತು ಅನ್ನಬಾರದು ಎಂದು ಎಂದಿಗಿಂತ ಹೆಚ್ಚು ಹೊತ್ತೇ ನೆನೆಯಲು ಬಿಟ್ಟ. ತೆಗೆದು, ಆರಿಸಿ, ಭೂತಗನ್ನಡಿಯಲ್ಲಿ ತಾನು ಕೂರಿಸಿದ ಎರಡು ಜಾಗಗಳನ್ನು ನೋಡಿದ. ಬಂಗಾರದಂಥ ಕೆಲಸ. ಮಿಕ್ಕ ನಾಲ್ಕು ಚೌಕಗಳ ಕಡೆ ಅವನು ಕಣ್ಣು ಹಾಯಿಸಲೇ ಇಲ್ಲ. ಅವು ಅವನ ಕೆಲಸವಲ್ಲವಲ್ಲ. ಗುಲಾಬಿ ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಮೊಹರು ಒತ್ತಿ, ಡಬ್ಬಿಯೊಳಗಿಟ್ಟ.

ಈಗ ಕೆಂಪಣ್ಣನ ಫೋನು ಬಂದ ಮೇಲೆ ಆಚಾರಿಗೆ ಮೊದಲು ನೆನಪಾದದ್ದು ಆ ಬಟ್ಟಲು. ಎಂಟು ದಿನ ಆಗಿರಲಿಲ್ಲ, ಚೆಲ್ಲಿರಲಿಲ್ಲ. ಕಿಟಕಿಯ ಹತ್ತಿರ ತಂದು, ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಹುಡುಕಿದ. ನೀರು ಅರ್ಧ ಆರಿತ್ತು. ಬಟ್ಟಲಿನ ಗೋಡೆಗೆ, ಅಂಟುವಾಳದ ನೊರೆ ಒಣಗಿದ ಗೆರೆಯಲ್ಲಿ, ನಾಲ್ಕು ಚಿನ್ನದ ಚೌಕಗಳು ಅಂಟಿಕೊಂಡಿದ್ದವು. ಊದಿದರೆ ಹಾರಿಹೋಗುವ ರೇಕಿನಂಥವು. ಒದ್ದೆ ಮಾಡಿದ ಕೂದಲಿನ ಕುಂಚದಿಂದ ಒಂದೊಂದನ್ನೇ ಎತ್ತಿ ಗಾಜಿನ ಚೂರಿನ ಮೇಲಿಟ್ಟ. ಒಂದರ ಮೂಲೆಯೂ ಮುರಿದಿರಲಿಲ್ಲ.

"ಮೂಗಾ, ಬಾಮ್ಮಿ ಇಲ್ಲಿ" ಎಂದು ಕೂಗಿದ. "ನೋಡು. ನಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು. ಅವ್ನು ಹೇಳ್ಕೊಟ್ಟಿದ್ದು ಇವತ್ತು ನನ್ ಮಾನ ಉಳುಸ್ತು."

ಅವು ಯಾಕೆ ಕಳಚಿಕೊಂಡವು ಎಂಬ ಪ್ರಶ್ನೆ ಅವನ ತಲೆಗೆ ಬರಲಿಲ್ಲ. ಸರಿಯಾಗಿ ಅಂಟಿಸಿರಲಿಲ್ಲ ಎಂದುಕೊಂಡ. ಕಳ್ಳ ಎನಿಸಿಕೊಂಡವನಿಗೆ ಕಳೆದದ್ದು ಸಿಕ್ಕಿದರೆ ಸಾಕು.

ಮರುದಿನ ಬೆಳಗಿನ ಮೈಸೂರು ಬಸ್ಸಿಗೆ ಹತ್ತಿದ. ಒಗೆದ ಬಿಳಿ ಅಂಗಿ, ಜೇಬಿನಲ್ಲಿ ಗಾಜಿನ ಚೂರುಗಳ ನಡುವೆ ಭದ್ರವಾಗಿದ್ದ ನಾಲ್ಕು ಚೌಕ. ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲಿಗೆ ಸಿಕ್ಕಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಆಚಾರಿ ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಮೊದಲು ಎಲ್ಲರನ್ನೂ ಕರೆಸಿ ಎನ್ನಬೇಕು. ಆ ಕೆಂಪಣ್ಣನೂ ಇರಬೇಕು. ಆಮೇಲೆ ಗಾಜು ತೆಗೆದು ಮೇಜಿನ ಮೇಲಿಡಬೇಕು. ನಿಮ್ಮ ವಸ್ತು ನೀವೇ ಎಣಿಸಿಕೊಳ್ಳಿ ಎನ್ನಬೇಕು. ಮಗಳು ಪಕ್ಕದಲ್ಲೇ ಇರುತ್ತಾಳೆ, ನೋಡಲಿ. ತಾನು ಎಂಥವನ ಮಗಳೆಂದು ಅವಳಿಗೂ ಗೊತ್ತಾಗಲಿ.

ಬಾಬುರಾಯನಕೊಪ್ಪಲಿನಲ್ಲಿ ಇಳಿದ. ಲ್ಯಾಬು ಹೆದ್ದಾರಿಯಿಂದ ಒಳಗಿತ್ತು. ಬಾಗಿಲಲ್ಲಿ ಸಿಕ್ಕಿದ ಕೆಂಪಣ್ಣ ಪಾಂಡವಪುರದ ಕಡೆಯ ನಡುವಯಸ್ಸಿನ ಗಂಡಸು, ಯಂತ್ರಗಳನ್ನು ನೋಡಿಕೊಳ್ಳುವವನು. ಆಚಾರಿಯ ಮುಖ ನೋಡಿ ಅವನಿಗೇ ಮುಜುಗರವಾಯಿತು. "ಬನ್ನಿ ಆಚಾರ್ರೇ, ನಾನು ಹೇಳಿದ್ದು ಮನ್ಸಿಗಾಕ್ಕೋಬ್ಯಾಡಿ" ಎನ್ನುತ್ತ ಒಳಗೆ ಕರೆದೊಯ್ದ.

ಕೋಣೆಯಲ್ಲಿ ಪ್ರಮೀಳಾ ಮೇಡಂ ಮೇಜಿನ ಹಿಂದೆ ಕೂತಿದ್ದರು. ಐವತ್ತು ದಾಟಿದ ಹೆಂಗಸು. ಕೆ.ಆರ್. ಪೇಟೆಯ ಒಕ್ಕಲು ಮನೆತನದವರು, ಆ ಲ್ಯಾಬನ್ನು ಒಂದೊಂದು ಯಂತ್ರವಾಗಿ ಕೂಡಿಸಿ ಕಟ್ಟಿದವರು. ಪಕ್ಕದಲ್ಲಿ ಯಶಸ್ವಿನಿ ನಿಂತಿದ್ದಳು. ಅಪ್ಪನನ್ನು ಕಂಡವಳ ಮುಖ ಸುಣ್ಣ ಬಳಿದಂತಾಯಿತು. ಆಚಾರಿ ನಗಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒಂದು ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಆಚಾರ್ರೇ" ಎಂದಳು.

ಆಚಾರಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಕೂತ. ತಾನು ಇವಳ ಅಪ್ಪನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನನ್ನು ಕಳ್ಳನೆಂದಾಗ ಅವಳು ಸುಮ್ಮನಿದ್ದಳು ಎಂಬುದು ಹೊಳೆಯಲು ಇನ್ನೂ ಸ್ವಲ್ಪ ಹೊತ್ತು.

ಎಲ್ಲಿ ನೋಡಬೇಕೆಂದು ತೋಚದೆ ಗೋಡೆಯನ್ನು ನೋಡಿದ. ಅಲ್ಲಿ ದೊಡ್ಡ ಅಕ್ಷರದ ಹಲಗೆ ಇತ್ತು. ಮೊದಲ ಸಾಲು: ಪೊರೆಗೆ ನೀರು ತಾಗಿಸಬಾರದು, ತಾಗಿದರೆ ಪೊರೆ ಸತ್ತಂತೆ. ಗುಂಡಗಿನ ಅಕ್ಷರ. ಮಗಳಿಗೆ ಒಂದನೆಯ ತರಗತಿಯಲ್ಲಿ ಸ್ಲೇಟು ಹಿಡಿಸಿ ಅವನೇ ತಿದ್ದಿಸಿದ್ದ ಅಕ್ಷರ.

ಜೇಬಿಗೆ ಹೋಗಿದ್ದ ಕೈ ಅಲ್ಲೇ ನಿಂತಿತು.

"ನೋಡಿ ಆಚಾರ್ರೇ" ಎಂದರು ಮೇಡಂ. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಆ ಚಿನ್ನ ಮಾರಿದ್ರೆ ಒಂದು ಕಾಫಿ ಬರಲ್ಲ. ಆದ್ರೆ ನೀವು ಅದನ್ನ ಕೆರೆದಿದ್ರಿಂದ ಪೊರೆನೇ ಹೋಯ್ತು. ನಿನ್ನೆ ತಣ್ಣಗೆ ಮಾಡಿ ನೋಡಿದ್ವಿ, ಸತ್ತು ಬಿದ್ದಿದೆ. ಈ ಹುಡುಗಿ ಮೂರು ವರ್ಷ ದುಡಿದಿದ್ದು. ಹೊರದೇಶದ ಅವಕಾಶ ಹೋಯ್ತು. ಇವಳೇ ಕೆಡಿಸಿದ್ದಿದ್ರೆ ಇವತ್ತೇ ಕಳಿಸಿಬಿಡ್ತಿದ್ದೆ. ಪಾಪ, ಇವಳದೇನು ತಪ್ಪು? ಇನ್ನೊಂದು ವರ್ಷ ಹೆಚ್ಚಿಗೆ ಕೊಡಿ ಅಂತ ಬರೆದಿಟ್ಟಿದೀನಿ, ಇಲ್ಲಿ ಸಹಿ ಮಾಡೋದೊಂದೇ ಬಾಕಿ. ಕೆರೆದಿದ್ದು ನೀವೇ ಅಂತ ನಿಮ್ಮ ಬಾಯಿಂದ ಒಂದು ಮಾತು ಕೇಳಿಬಿಟ್ರೆ ನನಗೂ ಸಮಾಧಾನ."

ಆಚಾರಿ ಮಗಳ ಕಡೆ ನೋಡಿದ. ಅವಳು ಮೇಜಿನ ಮೇಲಿದ್ದ ಆ ಕಾಗದವನ್ನು ನೋಡುತ್ತಿದ್ದಳು. ಎಲ್ಲ ತಿಳಿಯಿತು. ಜೇಬಿನಲ್ಲಿರುವುದನ್ನು ಹೊರಗಿಟ್ಟರೆ ತಾನು ಕಳ್ಳನಲ್ಲ. ಆದರೆ ಎಲ್ಲಿತ್ತು ಎಂದು ಕೇಳುತ್ತಾರೆ. ನೀರಲ್ಲಿ ಎನ್ನಬೇಕು. ನೀರು ತಾಗಿಸಬೇಡಿ ಎಂದು ಹೇಳಿರಲಿಲ್ಲವೇ ಎಂದು ಕೇಳುತ್ತಾರೆ. ಅವಳು ಹೇಳಿರಲಿಲ್ಲ.

ಕಿಕ್ಕೇರಿಯ ಜಗಲಿಯ ಮೇಲೆ ಪಂಚೆ ಕೊಡವಿದ ಅಪ್ಪ ಕಣ್ಣ ಮುಂದೆ ಬಂದ. ಆಚಾರಿ ಅವನನ್ನು ಮನಸ್ಸಿನಲ್ಲೇ ಪಕ್ಕಕ್ಕೆ ಸರಿಸಿದ. ಕೈಯನ್ನು ಬರಿದಾಗಿ ಜೇಬಿನಿಂದ ಹೊರಗೆ ತೆಗೆದ.

"ಊಂ. ನಾನೇಯ" ಎಂದ. "ತಪ್ಪಾಯ್ತು."

ಅಂದದ್ದಾಯಿತು. ಆಕಾಶ ಕಳಚಿ ಬೀಳಲಿಲ್ಲ. ಮೇಡಂ ಅಚ್ಚರಿಪಡಲಿಲ್ಲ, ಕೆಂಪಣ್ಣನೂ ಪಡಲಿಲ್ಲ. ನಲವತ್ತು ವರ್ಷ ಬಟ್ಟಲು ಕಾಯ್ದವನು ಒಂದು ಮಾತಿನಲ್ಲಿ ಕಳ್ಳನಾದರೆ, ಅದು ಮೊದಲೇ ಗೊತ್ತಿದ್ದದ್ದೇ ಎಂಬಂತೆ ಇಬ್ಬರೂ ತಲೆಯಾಡಿಸಿದರು. ಆಚಾರಿ ತಡೆದುಕೊಂಡ. ಮೇಡಂ ಪೆನ್ನು ತೆಗೆದುಕೊಂಡರು.

ಅಲ್ಲಿಗೆ ಮುಗಿದಿದ್ದರೆ ಮುಗಿದುಹೋಗುತ್ತಿತ್ತು.

"ಆದ್ರೂ ಒಂದು ಅರ್ಥ ಆಗ್ತಿಲ್ಲ ಯಶಸ್ವಿನಿ" ಎಂದರು ಮೇಡಂ, ಪೆನ್ನನ್ನು ಕಾಗದದ ಮೇಲಿಟ್ಟುಕೊಂಡೇ. "ಅಂಚಿನ ಚಿನ್ನ ಕೆರೆದ್ರೆ ನಡುವಿನ ಪೊರೆ ಯಾಕೆ ಸಾಯ್ಬೇಕು?"

ಯಶಸ್ವಿನಿ ಒಂದು ಕ್ಷಣವೂ ತಡಮಾಡಲಿಲ್ಲ. "ಬಿಸಿ ಮಾಡಿದಾರೆ ಮೇಡಂ. ಎಷ್ಟು ಹೇಳಿದ್ರೂ ಕೇಳಿಲ್ಲ. ಊದುಗೊಳವೆ ಹಿಡಿದು ಬೆಸುಗೆ ಹಾಕಿದಾರೆ. ಈ ಹಳೇ ಕಾಲದವರಿಗೆ ಬೆಂಕಿ ಇಲ್ದೆ ಕೆಲಸ ಮಾಡೋಕೆ ಬರಲ್ಲ."

ಕಳ್ಳ ಎಂಬುದನ್ನು ಆಚಾರಿ ನುಂಗಿದ್ದ. ಮಗಳಿಗಾಗಿ ಇನ್ನೂ ಏನೇನನ್ನು ನುಂಗುತ್ತಿದ್ದನೋ. ಆದರೆ ಆ ಎರಡು ಗಂಟೆಯ ಕೆಲಸ ಅವನ ಕಣ್ಣ ಮುಂದೆ ಬಂತು. ಹಿಡಿದ ಉಸಿರು, ಬೆರಳ ತುದಿಯ ಆ ಅಂದಾಜು. ಎದುರಿಗೆ ಕೂತು ಅದನ್ನು ನೋಡಿದವಳು ಲೋಕದಲ್ಲಿ ಇವಳೊಬ್ಬಳೇ. ಇವಳೇ ಹೀಗೆ ಅನ್ನುತ್ತಿದ್ದಾಳೆ.

"ಬೆಂಕಿ ಇಟ್ಟಿಲ್ಲ!" ಎಂದ. ದನಿ ಎಷ್ಟು ಜೋರಾಗಿತ್ತೆಂದರೆ ಕೆಂಪಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಯಾವನು ಹೇಳಿದ್ದು ಬೆಂಕಿ ಇಟ್ಟೆ ಅಂತ? ಬರೀ ಕೈಯಲ್ಲಿ ಕೂರ್ಸಿದೀನಿ. ಬೆಂಕಿ ಸೋಕಿದ್ರೆ ಇವು ಹಿಂಗಿರ್ತಿದ್ವಾ? ನೋಡ್ಕಳಿ!"

ಗಾಜಿನ ಚೂರುಗಳನ್ನು ಮೇಜಿನ ಮೇಲಿಟ್ಟು ಬಿಡಿಸಿದ. ನಾಲ್ಕು ಚೌಕಗಳು ಕಿಟಕಿಯ ಬೆಳಕಿಗೆ ಹೊಳೆದವು.

"ಕರಗಿಲ್ಲ, ಸುಕ್ಕಿಲ್ಲ, ಮೂಲೆ ಮುಕ್ಕಾಗಿಲ್ಲ. ನಾನು ಕೆರ್ದೂ ಇಲ್ಲ, ಸುಟ್ಟೂ ಇಲ್ಲ. ತೊಳ್ದೆ, ಅಷ್ಟೇಯ. ಅಂಟುವಾಳದ ನೀರಲ್ಲಿ ತೊಳ್ದೆ. ನಮ್ಮನೇಲಿ ತೊಳೀದೆ ಯಾವ್ ವಸ್ತೂನೂ ಕೊಡಲ್ಲ!"

ಮಾತು ಹೊರಬಿದ್ದ ಮೇಲೆ ಅದರ ಸದ್ದು ಅವನಿಗೇ ಕೇಳಿಸಿತು. ಮಗಳ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಮೇಡಂ ಆ ಚೌಕಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. "ನೀರು ತಾಗಿಸಬಾರದು ಅಂತ ಇವರಿಗೆ ಹೇಳಿದ್ದೆಯಾ ಯಶಸ್ವಿನಿ?"

"ಇಲ್ಲ ಮೇಡಂ."

"ನೀರಿಂದ ಹೋಗಿದೆ ಅಂತ ನಿನಗೆ ನಿನ್ನೆನೇ ಗೊತ್ತಾಗಿತ್ತಾ?"

ಅವಳು ಗೋಡೆಯ ಹಲಗೆಯ ಕಡೆ ನೋಡಿ ತಲೆ ತಗ್ಗಿಸಿದಳು.

"ತಪ್ಪು ನಂದು ಮೇಡಮ್ಮೋರೆ" ಎಂದ ಆಚಾರಿ, ಎದ್ದು ನಿಂತು ಕೈಮುಗಿದು. "ಆ ಮಗೀಗೆ ಏನೂ ಅನ್ಬ್ಯಾಡಿ. ನಂಗೆ ತಿಳೀದೆ ಆಯ್ತು."

"ನಿಮ್ಮದೇನೂ ತಪ್ಪಿಲ್ಲ ಆಚಾರ್ರೇ. ನಿಮಗೆ ಹೇಗೆ ಗೊತ್ತಿರುತ್ತೆ? ಹೇಳ್ಬೇಕಾಗಿದ್ದವಳು ಇವಳು. ಹೇಳಿಲ್ಲ, ಅದು ಮರೆವು ಅಂತಾನೇ ಇಟ್ಕೊಳ್ಳೋಣ. ಆದ್ರೆ ತನ್ನ ತಪ್ಪು ಮುಚ್ಚೋಕೆ ನಿಮ್ಮಂಥ ದೊಡ್ಡೋರನ್ನ ಕಳ್ಳ ಅಂತ ಮಾಡಿ ನಿಂತಿದ್ಲಲ್ಲ, ಅಂಥವಳ ಅಳತೆನ ನಾನು ನಾಳೆ ಹೇಗೆ ನಂಬಲಿ?" ಆ ಕಾಗದವನ್ನು ಎರಡಾಗಿ ಹರಿದರು. "ನಾನು ನಿಮ್ಮ ಕ್ಷಮೆ ಕೇಳ್ತೀನಿ. ಯಶಸ್ವಿನಿ, ನಿನ್ನ ಸಾಮಾನು ಇವತ್ತೇ ತಗೊಂಡು ಹೋಗು."

ಯಶಸ್ವಿನಿ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮೂಲೆಯ ಮೇಜಿನ ಹತ್ತಿರ ಹೋಗಿ ಪುಸ್ತಕಗಳನ್ನು ಬ್ಯಾಗಿಗೆ ತುಂಬತೊಡಗಿದಳು.

ಮೇಡಂಗೆ ಆ ಕೋಣೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಎದ್ದು ಸತ್ತ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು, ಎಷ್ಟು ಹಾಳಾಗಿದೆ ಎಂದು ನೋಡಲು. ಗೋಡೆಯ ಪರದೆಯ ಮೇಲೆ ಚಿತ್ರ ಬಂತು. ಕಪ್ಪು ಪೊರೆಯ ತುಂಬ ಬೂಷ್ಟು ಹಿಡಿದಂತೆ ಬಿಳಿ ಮಚ್ಚೆ. ಚಿತ್ರ ನಿಧಾನವಾಗಿ ಅಂಚಿಗೆ ಸರಿದು, ತಂತಿ ಕೂರಿಸಿದ ಜಾಗಕ್ಕೆ ಬಂದು ನಿಂತಿತು.

"ಅಬ್ಬಾ" ಎಂದರು ಮೇಡಂ. "ಕೆಂಪಣ್ಣ, ಬಾ ಇಲ್ಲಿ. ಇದನ್ನ ನೋಡು. ಸುತ್ತ ಎಲ್ಲಾ ಎದ್ದುಬಂದಿದೆ, ಇದು ಮಾತ್ರ ಅಲ್ಲಾಡಿಲ್ಲ. ಆಚಾರ್ರೇ, ಇದನ್ನ ಬರೀ ಕೈಯಲ್ಲಿ ಕೂರಿಸಿದ್ರಾ? ಇಪ್ಪತ್ತೈದು ವರ್ಷದಲ್ಲಿ ನಾನು ಇಂಥ ಜೋಡಣೆ ನೋಡಿಲ್ಲ. ನಮ್ಮ ಯಂತ್ರದ ಕೈಯಲ್ಲೂ ಆಗಲ್ಲ."

"ಏನ್ ಕೈ ಆಚಾರ್ರೇ ನಿಮ್ದು!" ಎಂದ ಕೆಂಪಣ್ಣ.

ಆಚಾರಿ ತನಗೆ ತಿಳಿಯದೆಯೇ ಪರದೆಯ ಹತ್ತಿರ ಹೋಗಿದ್ದ. ತನ್ನ ಕೆಲಸವನ್ನು ಅಷ್ಟು ದೊಡ್ಡದಾಗಿ ಅವನು ಎಂದೂ ಕಂಡಿರಲಿಲ್ಲ. ತಂತಿ ಬಾಗಿ ಇಂಡಿಯಂನ ಒಳಗೆ ಇಳಿದ ಜಾಗ ಮಗು ತಾಯಿಯ ಮಡಿಲಿಗೆ ತಲೆ ಇಟ್ಟಂತೆ ನುಣ್ಣಗಿತ್ತು. ಖುಷಿಯಾಯಿತು. ಮುಚ್ಚಿಡುವುದೇನು, ತುಂಬ ಖುಷಿಯಾಯಿತು. ನಲವತ್ತು ವರ್ಷ ಅವನ ಬೆರಳು ನೋಡುತ್ತ ಕೂತವರಲ್ಲಿ ಒಬ್ಬರೂ ಆಡದ ಮಾತು ಅದು. ಮುಖ ಅರಳಿತು, ಬಾಯಿ ನಗುವಿಗೆ ತೆರೆಯಿತು, ತಡೆಯಬೇಕೆಂದು ನೆನಪಾಗುವ ಹೊತ್ತಿಗೆ ತಡವಾಗಿತ್ತು.

ತಿರುಗಿದಾಗ ಯಶಸ್ವಿನಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಬೋ ಚೆನ್ನಾಗ್ ಕೂತದೆ ಅಪ್ಪಾ" ಎಂದಳು.

ಮೇಡಂ ತಲೆಯೆತ್ತಿ ಮೊದಲು ಅವಳನ್ನು, ಆಮೇಲೆ ಅವನನ್ನು ನೋಡಿದರು. ಅಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು.